ಇಬ್ಬರ ಅಂಕಣ

ಹುಮನಾಬಾದಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಮೂರ್ನಾಲ್ಕು ತಾಸಿನ ದಾರಿ. ಮದುವೆ ಜವಳಿಗೆ, ದೊಡ್ಡ ಆಸ್ಪತ್ರೆಗೆ, ಕೂಲಿಗೆ, ಕಾಲೇಜಿಗೆ ಎಂದು ನಮ್ಮ ಭಾಗದ ಜನ ತಲೆಮಾರುಗಳಿಂದ ಓಡಾಡಿದ ದಾರಿ ಅದು. 2004ರ ಫೆಬ್ರವರಿಯಲ್ಲಿ ಆ ದಾರಿಯ ಕೊನೆಗೆ ಡಬ್ಲ್ಯುಟಿಎ ಟೆನಿಸ್ ಟೂರ್ನಿಯೊಂದರ ಮಹಿಳೆಯರ ಡಬಲ್ಸ್ ಫೈನಲ್ ನಡೆಯಿತು. ನೆಟ್ಟಿನ ಒಂದು ಬದಿಗೆ ದಕ್ಷಿಣ ಆಫ್ರಿಕಾದ ಲೀಜೆಲ್ ಹ್ಯೂಬರ್ ಮತ್ತು ಆಗಿನ್ನೂ ಹದಿನೇಳು ವರ್ಷದ ಸಾನಿಯಾ ಮಿರ್ಜಾ. ಇನ್ನೊಂದು ಬದಿಗೆ ಚೀನಾದ ಲೀ ಟಿಂಗ್ ಮತ್ತು ಸುನ್ ಟಿಯಾನ್‌ಟಿಯಾನ್. ಎರಡೇ ಸೆಟ್‌ಗಳಲ್ಲಿ ಹ್ಯೂಬರ್–ಸಾನಿಯಾ ಜೋಡಿ ಗೆದ್ದಿತು. ಸಾನಿಯಾ ಅವರ ಮೊದಲ ಡಬ್ಲ್ಯುಟಿಎ ಪ್ರಶಸ್ತಿ ಅದು. ಆ ದಿನ ಸೋತ ಚೀನಾದ ಜೋಡಿ ಆರು ತಿಂಗಳ ನಂತರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಡಬಲ್ಸ್ ಚಿನ್ನ ಗೆದ್ದಿತು.

ಈ ಫೈನಲ್ ಬಹುಮಂದಿಗೆ ನೆನಪಿಲ್ಲ. ನೆನಪಿರುವುದು ಮರುವರ್ಷ ಅದೇ ಊರಿನಲ್ಲಿ ಸಾನಿಯಾ ಸಿಂಗಲ್ಸ್ ಗೆದ್ದದ್ದು. ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಎಂದು ದೇಶವೆಲ್ಲ ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಆದರೆ ಅವರ ಸಿಂಗಲ್ಸ್ ಪ್ರಶಸ್ತಿ ಅದೊಂದೇ ಆಗಿ ಉಳಿಯಿತು. ಡಬಲ್ಸ್‌ನಲ್ಲಿ ಗೆದ್ದದ್ದು 43. ವಿಶ್ವದ ಒಂದನೇ ಸ್ಥಾನಕ್ಕೆ ಏರಿದ್ದು, ಗ್ರ್ಯಾನ್‌ಸ್ಲಾಮ್ ಟ್ರೋಫಿಗಳನ್ನು ಮನೆಗೆ ತಂದದ್ದು ಎಲ್ಲವೂ ಡಬಲ್ಸ್‌ನಿಂದಲೇ. ಇಷ್ಟಾದ ಮೇಲೂ ನಮ್ಮ ಕ್ರೀಡಾ ಪುಟಗಳಲ್ಲಿ ಮಹಿಳೆಯರ ಡಬಲ್ಸ್ ಫಲಿತಾಂಶ ವರದಿಯ ಕಟ್ಟಕಡೆಯ ಎರಡು ಸಾಲು. ಜಾಗ ಸಾಲದಿದ್ದರೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ಈ ತಾತ್ಸಾರ ಪತ್ರಿಕೆಗಳಲ್ಲೇ ಮುಗಿಯುವುದಿಲ್ಲ. ಯಾವ ಹುಡುಗಿಗೆ ಯಾವ ಆಟ ಸಿಗಬೇಕು, ಯಾವ ಊರಿಗೆ ಯಾವ ಟೂರ್ನಿ ಬರಬೇಕು ಎಂಬ ನಿರ್ಧಾರಗಳವರೆಗೂ ಅದು ಹರಿದು ಬಂದಿದೆ. ಬಸವಕಲ್ಯಾಣ, ಹುಮನಾಬಾದಿನಂಥ ತಾಲ್ಲೂಕುಗಳ ಹುಡುಗಿಯರಿಗೆ ಟೆನಿಸ್‌ನ ಬಾಗಿಲು ತೆರೆಯಬೇಕೆಂದರೆ ಅದು ಡಬಲ್ಸ್ ಕಡೆಯಿಂದ ತೆರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಲ್ಯಾಣ ಕರ್ನಾಟಕದಲ್ಲಿ ವೃತ್ತಿಪರ ಮಹಿಳಾ ಟೂರ್ನಿ ನಡೆಯಬೇಕು, ಅದರಲ್ಲಿ ಡಬಲ್ಸ್‌ಗೆ ಮುಖ್ಯ ಸ್ಪರ್ಧೆಯ ಮರ್ಯಾದೆ ಸಿಗಬೇಕು.

ಅಥೆನ್ಸ್‌ನ ಆ ಚಿನ್ನ ಆಕಸ್ಮಿಕವಾಗಿ ಬಂದದ್ದಲ್ಲ. ಸಿಂಗಲ್ಸ್‌ನಲ್ಲಿ ಯುರೋಪ್, ಅಮೆರಿಕದ ಆಟಗಾರ್ತಿಯರನ್ನು ಸರಿಗಟ್ಟಲು ಬಹಳ ಕಾಲ ಬೇಕು, ಡಬಲ್ಸ್‌ನಲ್ಲಿ ಆ ಅಂತರ ಅಷ್ಟಿಲ್ಲ ಎಂದು ಚೀನಾದ ಟೆನಿಸ್ ಆಡಳಿತ ಲೆಕ್ಕ ಹಾಕಿತ್ತು. ಜೋಡಿಗಳನ್ನು ಕಟ್ಟಿತು, ಜೋಡಿಯಾಗಿಯೇ ತರಬೇತಿ ಕೊಟ್ಟಿತು, ಜೋಡಿಯಾಗಿಯೇ ದೇಶದೇಶಗಳಿಗೆ ಕಳಿಸಿತು. ಅವರು ಹೈದರಾಬಾದಿಗೆ ಬಂದದ್ದೂ ಹಾಗೆಯೇ. 2006ರಲ್ಲಿ ಝೆಂಗ್ ಜೀ ಮತ್ತು ಯಾನ್ ಝಿ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಎರಡರಲ್ಲೂ ಡಬಲ್ಸ್ ಗೆದ್ದರು. 2011ರಲ್ಲಿ ಲೀ ನಾ ಫ್ರೆಂಚ್ ಓಪನ್ ಸಿಂಗಲ್ಸ್ ಗೆದ್ದರು. ಈ ಕ್ರಮವನ್ನು ಗಮನಿಸಬೇಕು. ಡಬಲ್ಸ್ ಮೊದಲು ಬಂತು, ಸಿಂಗಲ್ಸ್ ಆಮೇಲೆ. ನಾವು ಸದಾ ಇದನ್ನು ತಿರುಗಾಮುರುಗಾ ಯೋಚಿಸುತ್ತೇವೆ.

ಚೀನಾದ ಪದ್ಧತಿಯನ್ನು ನಾನು ಇಲ್ಲಿಗೆ ತರಬೇಕೆನ್ನುತ್ತಿಲ್ಲ. ಆಟಗಾರ್ತಿಯರ ಗಳಿಕೆ, ತರಬೇತುದಾರರು, ವೇಳಾಪಟ್ಟಿ ಎಲ್ಲವೂ ಸರ್ಕಾರದ ಮುಷ್ಟಿಯಲ್ಲಿದ್ದ ಆ ವ್ಯವಸ್ಥೆಯಿಂದ ಹೊರಬರಲು ಲೀ ನಾ, ಝೆಂಗ್ ಜೀ, ಯಾನ್ ಝಿ, ಪೆಂಗ್ ಶುಯಿ ಪಟ್ಟ ಪಾಡು ಎಲ್ಲರಿಗೂ ಗೊತ್ತು. 2021ರಲ್ಲಿ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ ಪೆಂಗ್ ಶುಯಿ ಸಾರ್ವಜನಿಕವಾಗಿ ಕಾಣಿಸದಾದ ಪ್ರಕರಣದ ನಂತರ ಡಬ್ಲ್ಯುಟಿಎ ಸಂಸ್ಥೆ ಚೀನಾದಲ್ಲಿ ಟೂರ್ನಿಗಳನ್ನೇ ನಿಲ್ಲಿಸಿತ್ತು. ಆ ಕ್ರೌರ್ಯ ಬೇಡ, ಆ ಲೆಕ್ಕಾಚಾರ ಬೇಕು. 2004ರ ಆ ಹೈದರಾಬಾದ್ ಫೈನಲ್‌ನಲ್ಲಿ ನಮ್ಮ ಹುಡುಗಿ ಚೀನಾದ ಜೋಡಿಯನ್ನು ಸೋಲಿಸಿದ್ದಳು. ಅವರ ಹಿಂದೆ ಒಂದು ಯೋಜನೆ ಇತ್ತು, ಸಾನಿಯಾ ಹಿಂದೆ ಇದ್ದದ್ದು ಅಪ್ಪ ಅಮ್ಮನ ಹಟ. ಮನೆಯ ಹಟ ಮನೆಗೊಬ್ಬಳನ್ನು ಬೆಳೆಸೀತು. ಅವಳ ನಂತರ ಸಾಲಾಗಿ ಹತ್ತು ಮಂದಿ ಬರಬೇಕಾದರೆ ಯಾರಾದರೂ ಕುಳಿತು ಯೋಚಿಸಿರಬೇಕು.

ಕರ್ನಾಟಕಕ್ಕೆ ಆ ಅವಕಾಶ ಬಂದಿತ್ತು. 2006ರಿಂದ 2008ರವರೆಗೆ ಮೂರು ವರ್ಷ ಬೆಂಗಳೂರಿನಲ್ಲಿ ಡಬ್ಲ್ಯುಟಿಎ ಟೂರ್ನಿ ನಡೆಯಿತು. 2006ರ ಡಬಲ್ಸ್ ಪ್ರಶಸ್ತಿ ಹ್ಯೂಬರ್–ಸಾನಿಯಾ ಜೋಡಿಗೇ ಸಂದಿತು. ಸೋತವರು ಅನಸ್ತಾಸಿಯಾ ರೊಡಿಯೊನೊವಾ ಮತ್ತು ಎಲೆನಾ ವೆಸ್ನಿನಾ. ಮರುವರ್ಷ ತೈವಾನಿನ ಚಾನ್ ಯುಂಗ್–ಜಾನ್ ಮತ್ತು ಚುವಾಂಗ್ ಚಿಯಾ–ಜುಂಗ್ ಗೆದ್ದರು. 2008ರಲ್ಲಿ ಸಿಂಗಲ್ಸ್ ಗೆದ್ದವರು ಸೆರೆನಾ ವಿಲಿಯಮ್ಸ್, ಡಬಲ್ಸ್ ಗೆದ್ದವರು ಪೆಂಗ್ ಶುಯಿ ಮತ್ತು ಹೈದರಾಬಾದಿನಲ್ಲಿ ಸೋತಿದ್ದ ಅದೇ ಸುನ್ ಟಿಯಾನ್‌ಟಿಯಾನ್. ಸೆರೆನಾ, ವೀನಸ್ ಸೆಮಿಫೈನಲ್‌ನಲ್ಲಿ ಎದುರಾದದ್ದನ್ನು ಬೆಂಗಳೂರಿಗರು ಇವತ್ತಿಗೂ ನೆನೆಯುತ್ತಾರೆ. ಡಬಲ್ಸ್ ಅಂಕಣದಲ್ಲಿ ಮುಂದಿನ ಹತ್ತು ವರ್ಷದ ಚಾಂಪಿಯನ್ನರು ಆಡಿ ಹೋದರು, ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ವೆಸ್ನಿನಾ ಮುಂದೆ ಫ್ರೆಂಚ್ ಓಪನ್, ಅಮೆರಿಕ ಓಪನ್, ವಿಂಬಲ್ಡನ್ ಡಬಲ್ಸ್ ಗೆದ್ದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನವನ್ನೂ ಪಡೆದರು.

2008ರ ನಂತರ ಆ ದರ್ಜೆಯ ಮಹಿಳಾ ಟೂರ್ನಿ ಭಾರತಕ್ಕೆ ಮತ್ತೆ ಬಂದದ್ದು 2022ರಲ್ಲಿ, ಚೆನ್ನೈಗೆ. ನಡುವೆ ಹದಿನಾಲ್ಕು ವರ್ಷ. ಬೆಂಗಳೂರಿನಲ್ಲಿ ಆ ಕೊನೆಯ ಫೈನಲ್ ನಡೆದಾಗ ಹುಟ್ಟಿದ ಮಗು ಅಷ್ಟೊತ್ತಿಗೆ ಹೈಸ್ಕೂಲು ಸೇರಿತ್ತು. ಕೆಳದರ್ಜೆಯ ಐಟಿಎಫ್ ಟೂರ್ನಿಗಳು ಅಲ್ಲಲ್ಲಿ ನಡೆದವು, ಅವು ಇಲ್ಲದಿದ್ದರೆ ಅಂಕಿತಾ ರೈನಾ, ಪ್ರಾರ್ಥನಾ ತೊಂಬಾರೆ ಅಂಥವರು ಉಳಿಯುತ್ತಲೇ ಇರಲಿಲ್ಲ. ಆದರೂ ಕಣ್ಣೆದುರು ದೊಡ್ಡ ಆಟ ನಡೆಯದ ಹದಿನಾಲ್ಕು ವರ್ಷ ಒಂದು ಪೀಳಿಗೆಯನ್ನೇ ನುಂಗುತ್ತದೆ.

ಡಬಲ್ಸ್ ಅಂದರೆ ಸಿಂಗಲ್ಸ್‌ನಲ್ಲಿ ಆಗದವರ ಆಟ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹಾಗೆನ್ನುವವರು ಒಂದು ಒಳ್ಳೆಯ ಡಬಲ್ಸ್ ಪಂದ್ಯವನ್ನು ಪೂರ್ತಿ ಕುಳಿತು ನೋಡಿರಲಾರರು. ಅಂಕಣದ ಉದ್ದ 78 ಅಡಿ. ಸಿಂಗಲ್ಸ್‌ಗೆ ಅಗಲ 27 ಅಡಿ. ಡಬಲ್ಸ್‌ಗೆ ಎರಡೂ ಅಂಚಿಗೆ ನಾಲ್ಕೂವರೆ ಅಡಿ ಸೇರಿ 36 ಅಡಿ. ಆಟಗಾರ್ತಿಯರು ದುಪ್ಪಟ್ಟಾದರೂ ಜಾಗ ಹೆಚ್ಚುವುದು ಮೂರನೇ ಒಂದು ಪಾಲು ಮಾತ್ರ. ಅಂದಮೇಲೆ ಚೆಂಡು ಬೀಳಲು ಖಾಲಿ ಜಾಗವೇ ಕಡಿಮೆ. ಆ ಕಡಿಮೆ ಜಾಗವನ್ನು ಹುಡುಕುವುದೇ ಆಟ.

ಸರ್ವ್ ಮಾಡುವವಳು ಹಿಂದಿನ ಗೆರೆಯ ಬಳಿ ನಿಂತಿರುತ್ತಾಳೆ. ಅವಳ ಜೊತೆಗಾರ್ತಿ ನೆಟ್ಟಿನ ಹತ್ತಿರ ಬಾಗಿ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟು ಬೆರಳಿನಲ್ಲಿ ಸನ್ನೆ ಮಾಡುತ್ತಾಳೆ. ಸರ್ವ್ ಎಲ್ಲಿಗೆ ಹಾಕಬೇಕು, ತಾನು ನಿಂತಲ್ಲೇ ಇರುತ್ತೇನೋ ಅಡ್ಡ ನುಗ್ಗುತ್ತೇನೋ ಎಂಬುದೆಲ್ಲ ಆ ಬೆರಳುಗಳಲ್ಲಿ ಇರುತ್ತದೆ. ಎದುರಿನವಳು ಚೆಂಡು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಇವಳು ಅಡ್ಡ ಹಾಯುತ್ತಾಳೆ. ಅರ್ಧ ಕ್ಷಣ ಮೊದಲು ಹೊರಟರೆ ಇವಳು ಬಿಟ್ಟ ಜಾಗಕ್ಕೇ ಚೆಂಡು ಬರುತ್ತದೆ, ಅರ್ಧ ಕ್ಷಣ ತಡವಾದರೆ ರ‍್ಯಾಕೆಟ್ಟಿಗೆ ಸಿಗುವುದಿಲ್ಲ. ಇವಳು ಅತ್ತ ಹೋದರೆ ಹಿಂದಿನವಳು ಮಾತಿಲ್ಲದೆ ಇತ್ತ ಬರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡಲು ಸಮಯವಿಲ್ಲ. ಹೆಜ್ಜೆಯ ಸದ್ದಿನಲ್ಲೇ ತಿಳಿಯಬೇಕು. ಇದು ಬರಬೇಕಾದರೆ ವರ್ಷಗಟ್ಟಲೆ ಒಟ್ಟಿಗೆ ಆಡಿರಬೇಕು.

2015ರ ಜುಲೈ 11ರಂದು ವಿಂಬಲ್ಡನ್ ಸೆಂಟರ್ ಕೋರ್ಟಿನಲ್ಲಿ ನಡೆದ ಫೈನಲ್ ಇದಕ್ಕೆ ಒಳ್ಳೆಯ ಪಾಠ. ಒಂದು ಕಡೆ ಸಾನಿಯಾ ಮತ್ತು ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್, ಇನ್ನೊಂದು ಕಡೆ ಎಕತೆರಿನಾ ಮಕರೋವಾ ಮತ್ತು ಬೆಂಗಳೂರಿನಲ್ಲಿ ಸಾನಿಯಾಗೆ ಸೋತಿದ್ದ ವೆಸ್ನಿನಾ. ಮೊದಲ ಸೆಟ್ 5–7ರಿಂದ ಕೈತಪ್ಪಿತು. ಎರಡನೆಯದು ಟೈಬ್ರೇಕರ್‌ನಲ್ಲಿ ಬಂತು. ಮೂರನೇ ಸೆಟ್‌ನಲ್ಲಿ 2–5ರ ಹಿನ್ನಡೆ. ಅಲ್ಲಿಂದ 5–5ಕ್ಕೆ ತಂದರು. ಅಷ್ಟರಲ್ಲಿ ಬೆಳಕು ಕುಂದಿ ಕ್ರೀಡಾಂಗಣದ ಚಾವಣಿ ಮುಚ್ಚಲು ಆಟ ನಿಲ್ಲಿಸಬೇಕಾಯಿತು. ಮತ್ತೆ ಬಂದವರು ಉಳಿದೆರಡು ಗೇಮುಗಳನ್ನೂ ಗೆದ್ದು 7–5ಕ್ಕೆ ಮುಗಿಸಿದರು. ಹಿಂಗಿಸ್‌ಗೆ ನೆಟ್ಟಿನ ಬಳಿ ಅಪೂರ್ವ ಕೈಚಳಕ, ಸಾನಿಯಾಗೆ ಹಿಂದಿನಿಂದ ಸಿಡಿಯುವ ಫೋರ್‌ಹ್ಯಾಂಡ್. ಒಬ್ಬರಿಗಿಲ್ಲದ್ದು ಇನ್ನೊಬ್ಬರಿಗಿತ್ತು. ಆ ವರ್ಷದ ಆಗಸ್ಟ್‌ನಿಂದ ಮುಂದಿನ ಫೆಬ್ರವರಿವರೆಗೆ ಸತತ 41 ಪಂದ್ಯ ಸೋಲಲಿಲ್ಲ ಈ ಜೋಡಿ. ಇದನ್ನು ಎರಡನೇ ದರ್ಜೆಯ ಆಟ ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ಹಣದ ವಿಷಯಕ್ಕೆ ಬರೋಣ, ಏಕೆಂದರೆ ಬಲವಾದ ಆಕ್ಷೇಪ ಇರುವುದೇ ಅಲ್ಲಿ. ಆ ವಿಂಬಲ್ಡನ್ ಗೆದ್ದದ್ದಕ್ಕೆ ಸಾನಿಯಾ–ಹಿಂಗಿಸ್ ಇಬ್ಬರಿಗೂ ಸೇರಿ ಸಿಕ್ಕ ಬಹುಮಾನ 3 ಲಕ್ಷ 40 ಸಾವಿರ ಪೌಂಡ್. ಅದೇ ವರ್ಷ ಸಿಂಗಲ್ಸ್ ಗೆದ್ದ ಸೆರೆನಾಗೆ ಒಬ್ಬರಿಗೇ 18 ಲಕ್ಷ 80 ಸಾವಿರ ಪೌಂಡ್. ತಲೆಗೆ ಹಾಕಿ ನೋಡಿದರೆ ಹನ್ನೊಂದು ಪಟ್ಟು ವ್ಯತ್ಯಾಸ. ಕೆಳಹಂತದಲ್ಲಿ ಮೊತ್ತ ಇನ್ನೂ ಚಿಕ್ಕದು. 15 ಸಾವಿರ ಡಾಲರ್ ಬಹುಮಾನದ ಐಟಿಎಫ್ ಟೂರ್ನಿಯಲ್ಲಿ ಸಿಂಗಲ್ಸ್‌ಗೆ 32 ಮಂದಿ, ಡಬಲ್ಸ್‌ಗೆ 16 ಜೋಡಿ. ಆಡುವ ತಲೆಗಳು ಎರಡರಲ್ಲೂ ಒಂದೇ, ಹಣದಲ್ಲಿ ದೊಡ್ಡ ಪಾಲು ಸಿಂಗಲ್ಸ್‌ಗೆ. ಮೊದಲ ಸುತ್ತಿನಲ್ಲೇ ಸೋತ ಜೋಡಿಗೆ ಬಂದದ್ದು ಊಟ ವಸತಿಗೂ ಸಾಲುವುದಿಲ್ಲ. ಹಾಗಿದ್ದ ಮೇಲೆ ಬಡ ತಾಲ್ಲೂಕಿನ ಹುಡುಗಿಗೆ ಡಬಲ್ಸ್ ಹಾದಿ ತೋರಿಸುವುದು ಮೋಸವಲ್ಲವೇ ಎಂದು ಕೇಳಿದರೆ ತಪ್ಪಿಲ್ಲ.

ಉತ್ತರ ಎರಡು. ಈ ಅಸಮಾನತೆ ಯಾರೋ ಮಾಡಿದ್ದು, ಬದಲಾಯಿಸಬಹುದಾದದ್ದು. ಮಹಿಳೆಯರಿಗೆ ಬಹುಮಾನ ಕಡಿಮೆ ಇದ್ದದ್ದನ್ನು 1970ರಲ್ಲಿ ಬಿಲ್ಲಿ ಜೀನ್ ಕಿಂಗ್ ಸೇರಿ ಒಂಬತ್ತು ಮಂದಿ ಆಟಗಾರ್ತಿಯರು ಪ್ರತಿಭಟಿಸಿ ಬೇರೆ ಟೂರ್ನಿ ಆಡಿದ್ದರಿಂದ ಇವತ್ತಿನ ಡಬ್ಲ್ಯುಟಿಎ ಹುಟ್ಟಿತು. ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಇವತ್ತು ಸಿಂಗಲ್ಸ್ ಬಹುಮಾನ ಹೆಣ್ಣುಗಂಡಿಗೆ ಸಮ. ಡಬಲ್ಸ್‌ನ ಪಾಲಿನ ಬಗ್ಗೆ ಅಂಥ ಹೋರಾಟ ಇನ್ನೂ ಆಗಿಲ್ಲ. ಎರಡನೆಯದು ಖರ್ಚಿನ ಮಾತು. ಡಬಲ್ಸ್‌ನಲ್ಲಿ ಗಳಿಕೆ ಹಂಚಿಹೋಗುವ ಹಾಗೆ ಖರ್ಚೂ ಹಂಚಿಹೋಗುತ್ತದೆ. ಕೋಣೆ ಒಂದೇ, ಕೋಚ್ ಒಬ್ಬರೇ, ಅಂಕಣ ಒಂದೇ. ಆಟದ ಆಯುಷ್ಯವೂ ಬೇರೆ. ಮೊಣಕಾಲು, ಮಣಿಕಟ್ಟು ಸಿಂಗಲ್ಸ್‌ನಷ್ಟು ಬೇಗ ಸವೆಯುವುದಿಲ್ಲ. ಕೊಡಗಿನ ರೋಹನ್ ಬೋಪಣ್ಣ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೆ ಬಂದದ್ದು 2024ರ ಜನವರಿಯಲ್ಲಿ, 43ನೇ ವಯಸ್ಸಿಗೆ.

ಹೆಣ್ಣುಮಕ್ಕಳ ಮಟ್ಟಿಗೆ ಇದರ ತೂಕ ಇನ್ನೂ ಹೆಚ್ಚು. ನಮ್ಮ ಭಾಗದಲ್ಲಿ ಆಟಗಾರ್ತಿಯ ಆಯುಷ್ಯ ಮುಗಿಯುವುದು ಸಾಮಾನ್ಯವಾಗಿ ಮದುವೆಯ ದಿನ. ಸಾನಿಯಾಗೆ 2018ರಲ್ಲಿ ಮಗು ಹುಟ್ಟಿತು. 2020ರ ಜನವರಿಯಲ್ಲಿ ಅಂಕಣಕ್ಕೆ ಮರಳಿದವರು ಹೋಬರ್ಟ್‌ನಲ್ಲಿ ಉಕ್ರೇನಿನ ನಾದಿಯಾ ಕಿಚೆನೋಕ್ ಜೊತೆ ಡಬಲ್ಸ್ ಗೆದ್ದರು. ಆ ಮಾರ್ಚ್‌ನಲ್ಲಿ ದುಬೈನಲ್ಲಿ ಇಂಡೊನೇಷ್ಯಾ ವಿರುದ್ಧ ಫೆಡ್ ಕಪ್ ಹಣಾಹಣಿ. ಎರಡು ಸಿಂಗಲ್ಸ್ ಮುಗಿದಾಗ 1–1. ನಿರ್ಣಾಯಕ ಡಬಲ್ಸ್‌ನಲ್ಲಿ ಸಾನಿಯಾ ಮತ್ತು ಅಂಕಿತಾ ರೈನಾ ಗೆದ್ದರು, ಭಾರತ ಮೊದಲ ಸಲ ಪ್ಲೇ-ಆಫ್ ತಲುಪಿತು. ದೇಶದ ಸೋಲುಗೆಲುವು ಒಂದು ಡಬಲ್ಸ್ ಪಂದ್ಯದ ಮೇಲೆ ನಿಲ್ಲುವ ಇಂಥ ವ್ಯವಸ್ಥೆ ಇರುವಾಗ, ಜೋಡಿಗಳನ್ನು ಬೆಳೆಸುವುದು ಯಾರ ಕೆಲಸ?

ಸಿಂಗಲ್ಸ್ ಆಡಲೇಬಾರದು ಎಂದು ಇದರ ಅರ್ಥವಲ್ಲ. ಸಾನಿಯಾ 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕ್ ತಲುಪಿದ್ದವರು. ಆ ಫೋರ್‌ಹ್ಯಾಂಡ್ ಹದವಾದದ್ದು ಸಿಂಗಲ್ಸ್‌ನಲ್ಲೇ. ಹಿಂಗಿಸ್ ಅಂತೂ ಸಿಂಗಲ್ಸ್‌ನಲ್ಲೇ ವಿಶ್ವದ ಒಂದನೇ ಸ್ಥಾನದಲ್ಲಿದ್ದವರು. ಒಳ್ಳೆಯ ಡಬಲ್ಸ್ ಆಟಗಾರ್ತಿಗೆ ಒಬ್ಬಳೇ ನಿಂತು ಆಡುವ ಅಭ್ಯಾಸವೂ ಬೇಕು. ನಾನು ಹೇಳುತ್ತಿರುವುದು ಬಾಗಿಲಿನ ವಿಷಯ. ಊರಲ್ಲಿ ಆಟ ಶುರುವಾಗಬೇಕಾದರೆ ಯಾವುದರಿಂದ ಶುರುವಾದರೆ ನಿಂತೀತು ಎಂಬ ವಿಷಯ.

ಬಸವಕಲ್ಯಾಣದ ಕಡೆ ಶಾಲೆಯ ಆಟದ ಬಯಲಿನಲ್ಲಿ ಹುಡುಗಿಯರು ಟೆನ್ನಿಕಾಯ್ಟ್ ಆಡುವುದನ್ನು ನಿಂತು ನೋಡಬೇಕು. ನೆಟ್ಟಿನ ಎರಡೂ ಬದಿ ಇಬ್ಬಿಬ್ಬರು. ರಬ್ಬರಿನ ರಿಂಗು ಬಂದ ಕೂಡಲೇ ಒಂದೇ ಕೈಯಲ್ಲಿ ಹಿಡಿಯಬೇಕು, ತಡಮಾಡದೆ ಅದೇ ಕೈಯಿಂದ ವಾಪಸ್ ಎಸೆಯಬೇಕು. ನಡುವಿಗೆ ಬಂದದ್ದನ್ನು ಯಾರು ಹಿಡಿಯಬೇಕೆಂದು ಇಬ್ಬರಿಗೂ ಕೇಳದೆ ಗೊತ್ತು. ಒಬ್ಬಳು ಮುಂದೆ ನುಗ್ಗಿದರೆ ಇನ್ನೊಬ್ಬಳು ಹಿಂದೆ ಸರಿದು ಜಾಗ ತುಂಬುತ್ತಾಳೆ. ಎಸೆಯುವಾಗ ಕಣ್ಣು ಒಂದು ಕಡೆ, ರಿಂಗು ಇನ್ನೊಂದು ಕಡೆ. ಕಾಲಲ್ಲಿ ಚಪ್ಪಲಿ ಇರುವುದಿಲ್ಲ, ಸಮವಸ್ತ್ರದ ವೇಲನ್ನು ಅಡ್ಡ ಬಿಗಿದು ಸೊಂಟಕ್ಕೆ ಗಂಟು ಹಾಕಿರುತ್ತಾರೆ. ನೆಟ್ಟಿನ ಬಳಿ ಡಬಲ್ಸ್ ಆಟಗಾರ್ತಿಗೆ ಬೇಕಾದ ಕೈ, ಕಣ್ಣು, ಜೊತೆಗಾರ್ತಿಯ ಅರಿವು ಅಷ್ಟೂ ಆ ಮಕ್ಕಳಲ್ಲಿ ಆಗಲೇ ಇದೆ. ಕಬಡ್ಡಿ, ಕೊಕ್ಕೊ, ಥ್ರೋಬಾಲ್ ಎಲ್ಲವೂ ನಮ್ಮ ಹುಡುಗಿಯರಿಗೆ ಕಲಿಸಿರುವುದು ಸಂಗಡ ಆಡುವುದನ್ನೇ. ಇವರನ್ನು ತಂದು 27 ಅಡಿ ಅಗಲದಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ, ಐದನೇ ವಯಸ್ಸಿಗೆ ರ‍್ಯಾಕೆಟ್ ಹಿಡಿದ ಮಹಾನಗರದ ಮಗುವಿನ ಎದುರು ಆಡಿಸಿದರೆ ಸೋತು ವಾಪಸ್ ಬರುತ್ತಾರೆ, ಮತ್ತೆ ಹೋಗುವುದಿಲ್ಲ.

ಮನೆಯವರ ಕಷ್ಟವೂ ನಿಜ. ಆಟದಲ್ಲಿ ಮುಂದಿರುವ ಮಗಳನ್ನು ಬೀದರಿಗೋ ಕಲಬುರಗಿಗೋ ಕಳಿಸಿ ಎಂದಾಗ ತಾಯಂದಿರು ಕೇಳುವ ಪ್ರಶ್ನೆ ಒಂದೇ: “ಒಬ್ಬಾಕಿಗೆ ಹ್ಯಾಂಗ್ ಕಳಸಬೇಕ್ರಿ?” ಇದನ್ನು ಹಿಂದುಳಿದ ಮನಸ್ಸು ಎಂದು ಬೈದು ಪ್ರಯೋಜನವಿಲ್ಲ. ರಾತ್ರಿ ಬಸ್ಸು, ಗುರುತಿಲ್ಲದ ಊರು, ಹಾಸ್ಟೆಲ್ಲು. ಭಯಕ್ಕೆ ಕಾರಣ ಇದೆ. ಅದೇ ಓಣಿಯ ಇಬ್ಬರು ಹುಡುಗಿಯರು ಕೂಡಿ ಹೊರಟರೆ ಆ ಮಾತಿನ ಕಾವು ಅರ್ಧ ಇಳಿಯುತ್ತದೆ. ಎರಡು ಮನೆಯವರು ಸರದಿ ಪ್ರಕಾರ ಜೊತೆಗೆ ಹೋಗಬಹುದು. ಒಬ್ಬಳು ಬಿಡುತ್ತೇನೆಂದರೆ ಇನ್ನೊಬ್ಬಳು ಬಿಡಲು ಕೊಡುವುದಿಲ್ಲ. ಡಬಲ್ಸ್‌ನ ನಿಯಮವೇ ಅವರನ್ನು ಒಟ್ಟಿಗೆ ಇಡುತ್ತದೆ.

ಉಡುಪಿನ ಮಾತನ್ನೂ ತಪ್ಪಿಸಿಕೊಂಡು ಹೋಗುವುದು ಬೇಡ. 2008ರಲ್ಲಿ ಬೆಂಗಳೂರು ಟೂರ್ನಿಗೆ ಸಾನಿಯಾ ಬರಲಿಲ್ಲ. ಭಾರತದಲ್ಲಿ ಆಡಿದಾಗಲೆಲ್ಲ ಒಂದಲ್ಲ ಒಂದು ವಿವಾದ ಹುಟ್ಟುತ್ತದೆ ಎಂಬ ಬೇಸರದಿಂದ ದೂರ ಉಳಿದರು. ಅವರ ಸ್ಕರ್ಟಿನ ಉದ್ದದ ಬಗ್ಗೆ ಫತ್ವಾ ಮಾತುಗಳು ಬಂದಿದ್ದವು, ರಾಷ್ಟ್ರಧ್ವಜದ ಹೆಸರಿನಲ್ಲಿ ದೂರು ದಾಖಲಾಗಿತ್ತು. ತನ್ನ ದೇಶದ ಅತಿ ದೊಡ್ಡ ಮಹಿಳಾ ಟೂರ್ನಿಯಲ್ಲಿ ಆಡದಂತೆ ಒಬ್ಬ ಆಟಗಾರ್ತಿಯನ್ನು ನಾವು ದೂರ ತಳ್ಳಿದೆವು. ಅಂಥ ಕಣ್ಣುಗಳು ಹುಮನಾಬಾದಿನಲ್ಲೂ ಇವೆ. ಟೆನಿಸ್ ಆಡಲು ಸ್ಕರ್ಟೇ ಬೇಕೆಂಬ ಕಡ್ಡಾಯ ಇಲ್ಲ. ಟ್ರ್ಯಾಕ್‌ ಪ್ಯಾಂಟಿನಲ್ಲಿ, ಲೆಗ್ಗಿಂಗ್ಸಿನಲ್ಲಿ ಆಡುವವರಿದ್ದಾರೆ. ಆಯ್ಕೆ ಹುಡುಗಿಯದು. ಇದನ್ನು ಕೋಚ್ ಮತ್ತು ಶಾಲೆಯವರು ಮೊದಲ ದಿನವೇ ಪಾಲಕರಿಗೆ ಬಾಯಿ ಬಿಟ್ಟು ಹೇಳಬೇಕು.

ಹತ್ತನೇ ತರಗತಿ ಫಲಿತಾಂಶ ಬಂದಾಗಲೆಲ್ಲ ನಮ್ಮ ಜಿಲ್ಲೆಗಳ ಹೆಸರು ಪಟ್ಟಿಯ ಕೆಳಗೆ ಇರುತ್ತದೆ. ಶಾಲೆಗೆ ಕೋಣೆಯಿಲ್ಲ, ಆಸ್ಪತ್ರೆಗೆ ಡಾಕ್ಟರಿಲ್ಲ, ಟೆನಿಸ್ ಯಾಕೆ ಎನ್ನುವವರಿದ್ದಾರೆ. ಇದನ್ನು ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ಆದರೆ ಈ ವಾದ ನಮ್ಮ ಭಾಗಕ್ಕೆ ಮಾತ್ರ ಅನ್ವಯವಾಗುವುದೇಕೆ? ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದದ್ದು ಈ ಪ್ರದೇಶಕ್ಕೆ ಬರೀ ಕೊರತೆ ತುಂಬಿಕೊಡಲು ಅಲ್ಲ, ಉಳಿದವರ ಮಕ್ಕಳಿಗೆ ಸಿಕ್ಕ ಅವಕಾಶ ಇಲ್ಲಿನ ಮಕ್ಕಳಿಗೂ ಸಿಗಲಿ ಎಂದು. ಶಾಲಾ ಕೋಣೆ ಮತ್ತು ಆಟದ ಅಂಕಣ ಒಂದನ್ನೊಂದು ನುಂಗಬೇಕಿಲ್ಲ. ಹೈಸ್ಕೂಲು ದಾಟುವ ಮೊದಲೇ ಮದುವೆಯ ಮಾತು ಕೇಳುವ ಹುಡುಗಿಗೆ, ಮುಂದಿನ ತಿಂಗಳು ಟೂರ್ನಿ ಇದೆ ಎಂಬುದೇ ಒಂದು ಗಟ್ಟಿ ಕಾರಣ. ಅವಳ ಜೊತೆಗಾರ್ತಿ ಕಾಯುತ್ತಿದ್ದಾಳೆ ಎಂಬುದು ಇನ್ನೂ ಗಟ್ಟಿ ಕಾರಣ. ಬಸವಣ್ಣನವರ ಅನುಭವ ಮಂಟಪದ ನೆಲವಿದು, ಶರಣೆಯರು ಶರಣರ ಸಮಕ್ಕೆ ಕುಳಿತ ಊರಿದು ಎಂದು ಪ್ರತಿ ಬಸವ ಜಯಂತಿಗೂ ಭಾಷಣ ಕೇಳುತ್ತೇವೆ. ಆ ಮಾತು ನಿಜವಾದರೆ ಹೆಣ್ಣುಮಕ್ಕಳ ಆಟದ ಬಯಲಿನಲ್ಲೂ ಅದು ಕಾಣಬೇಕು.

ಅಂಕಣ ಕಟ್ಟುವುದು ಇಲ್ಲಿ ಸುಲಭವಲ್ಲ, ಅದನ್ನೂ ಬಲ್ಲೆ. ನಮ್ಮಲ್ಲಿ ಎರಡು ಬಗೆಯ ನೆಲ. ಕೆಂಪು ಮುರಕಲ್ಲಿನ ದಿಬ್ಬ ಒಂದು, ಎರೆ ಹೊಲ ಇನ್ನೊಂದು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಗೆಯೇ ಸಿಮೆಂಟು ಸುರಿದರೆ ಎರಡು ವರ್ಷಕ್ಕೆ ಅಂಕಣ ಸೀಳುತ್ತದೆ. ಆ ಮಣ್ಣು ತೆಗೆದು ಮೊರಂ ತುಂಬಿ, ನೀರು ಹೊಡೆದು, ರೋಲರ್ ಹಾಯಿಸಿ ಗಟ್ಟಿ ಮಾಡಿದ ಮೇಲೆ ಮೇಲ್ಪದರ ಹಾಕಬೇಕು. ಇಲ್ಲವೇ ಮೊದಲ ಕೆಲ ವರ್ಷ ಮಣ್ಣಿನ ಅಂಕಣದಲ್ಲೇ ಆಡಬೇಕು. ತಾವು ಆಟ ಕಲಿತ ಕಾಲಕ್ಕೆ ಹೈದರಾಬಾದಿನಲ್ಲಿ ಸೆಗಣಿ ಸಾರಿಸಿದ ಅಂಕಣಗಳಿದ್ದವು ಎಂದು ಸಾನಿಯಾ ಅವರೇ ಹೇಳಿಕೊಂಡಿದ್ದಾರೆ. ನೆಲ ಸಾರಿಸುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಎರಡೂ ತಾಲ್ಲೂಕು ಕೇಂದ್ರಗಳಲ್ಲಿ ಎರಡೆರಡು ಅಂಕಣ, ಒಬ್ಬೊಬ್ಬ ಮಹಿಳಾ ಕೋಚ್, ಚೆಂಡು ಹೊಡೆದು ಅಭ್ಯಾಸ ಮಾಡಲು ಒಂದೊಂದು ಗೋಡೆ. ಇಷ್ಟರಿಂದ ಆರಂಭವಾಗುತ್ತದೆ. ಒಂದು ಅಂಕಣದಲ್ಲಿ ಸಿಂಗಲ್ಸ್ ಆದರೆ ಇಬ್ಬರು, ಡಬಲ್ಸ್ ಆದರೆ ನಾಲ್ವರು ಆಡುತ್ತಾರೆ. ಅಂಕಣ ಕಡಿಮೆ ಇರುವ ಊರಿಗೆ ಈ ಲೆಕ್ಕವೂ ಸಣ್ಣದಲ್ಲ.

ಆಡಲು ಗುರಿಯೊಂದು ಬೇಕು. ಅದು ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು. 2023ರ ನವೆಂಬರ್ ಕೊನೆಗೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ 25 ಸಾವಿರ ಡಾಲರ್ ಬಹುಮಾನದ ಐಟಿಎಫ್ ಟೂರ್ನಿ ನಡೆಯಿತು, ರಾಮಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದರು. ಅಂಕಣ, ರೆಫರಿ, ಆಟಗಾರರ ವಸತಿ, ಚೆಂಡು ಹೆಕ್ಕುವ ಹುಡುಗರವರೆಗೆ ಎಲ್ಲವನ್ನೂ ಕಲಬುರಗಿ ನಿಭಾಯಿಸಿ ತೋರಿಸಿತು. ಅದು ಪುರುಷರ ಟೂರ್ನಿ. ಅದೇ ಕ್ರೀಡಾಂಗಣದಲ್ಲಿ ಮಹಿಳೆಯರ ಟೂರ್ನಿಯನ್ನೂ ಪ್ರತಿವರ್ಷ ನಡೆಸಲು ಅಡ್ಡಿ ಏನು? ಹೈದರಾಬಾದ್ ಹೆದ್ದಾರಿಯಲ್ಲಿ ಆಚೆ ಕಡೆಗಿರುವ ಸೋಲಾಪುರದಲ್ಲಿ ಮಹಿಳೆಯರ ಐಟಿಎಫ್ ಟೂರ್ನಿಗಳು ನಡೆದಿವೆ. ಸೋಲಾಪುರ ಜಿಲ್ಲೆಯ ಬಾರ್ಶಿಯವರಾದ ಪ್ರಾರ್ಥನಾ ತೊಂಬಾರೆ ಹೈದರಾಬಾದಿನಲ್ಲಿ ಸಾನಿಯಾ ಅಕಾಡೆಮಿಯಲ್ಲಿ ತರಬೇತಿ ಪಡೆದರು. 2014ರ ಇಂಚೆನ್ ಏಷ್ಯನ್ ಗೇಮ್ಸ್‌ನಲ್ಲಿ ಸಾನಿಯಾ ಜೊತೆ ಡಬಲ್ಸ್ ಕಂಚು ಗೆದ್ದು, 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲೂ ಜೊತೆಯಾಗಿ ಆಡಿದರು. ಬಾರ್ಶಿಯೇನು ಮಹಾನಗರವಲ್ಲ, ಬಸವಕಲ್ಯಾಣದಂಥದೇ ತಾಲ್ಲೂಕು ಕೇಂದ್ರ. ಸೋಲಾಪುರ ಮತ್ತು ಹೈದರಾಬಾದಿನ ಸರಿಸುಮಾರು ನಡುಮಧ್ಯಕ್ಕೆ ಹುಮನಾಬಾದ್ ಇದೆ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಬಸವಕಲ್ಯಾಣ. ಎರಡೂ ಕಡೆಯಿಂದ ಡಬಲ್ಸ್ ಆಟಗಾರ್ತಿಯರು ಬಂದ ರಸ್ತೆ ಇದು, ನಡುವಿನ ನಾವು ಖಾಲಿ.

ಕಲಬುರಗಿಯಲ್ಲಿ ಅಂಥ ಟೂರ್ನಿ ಬಂದರೆ ಕೆಲವು ಷರತ್ತುಗಳನ್ನು ಮೊದಲೇ ಇಡಬೇಕು. ಆಯೋಜಕರ ಕೈಯಲ್ಲಿ ಡಬಲ್ಸ್‌ಗೂ ವೈಲ್ಡ್ ಕಾರ್ಡ್ ಇರುತ್ತದೆ. ಅದರಲ್ಲಿ ಒಂದು ಕಲ್ಯಾಣ ಕರ್ನಾಟಕದ ಜೋಡಿಗೆ ಮೀಸಲಿರಲಿ. ಆ ಜೋಡಿಯನ್ನು ಏಳೂ ಜಿಲ್ಲೆಗಳ ಅಂತರ ತಾಲ್ಲೂಕು ಡಬಲ್ಸ್ ಸ್ಪರ್ಧೆಯಿಂದ ಆರಿಸಲಿ, ಶಿಫಾರಸಿನಿಂದ ಬೇಡ. ಮೊದಲ ವರ್ಷ ಅವರು 6–0, 6–0ರಿಂದ ಸೋಲಬಹುದು. ಸೋಲಲಿ. ಅಂತರರಾಷ್ಟ್ರೀಯ ಆಟಗಾರ್ತಿಯ ಸರ್ವ್ ಎಷ್ಟು ವೇಗದಲ್ಲಿ ಬರುತ್ತದೆ ಎಂಬುದು ಎದುರು ನಿಂತವರಿಗೇ ಗೊತ್ತಾಗುವುದು. ಇಂಥ ಟೂರ್ನಿಗಳಲ್ಲಿ ಡಬಲ್ಸ್ ಫೈನಲ್ ಸಾಮಾನ್ಯವಾಗಿ ಶನಿವಾರ, ಖಾಲಿ ಕುರ್ಚಿಗಳ ಎದುರು ಮುಗಿದುಹೋಗುತ್ತದೆ. ಅದನ್ನು ಭಾನುವಾರ ಸಿಂಗಲ್ಸ್ ಫೈನಲ್ ಆದ ಮೇಲೆ ಆಡಿಸಲಿ. ಬಹುಮಾನದ ಅಂತರರಾಷ್ಟ್ರೀಯ ಪಟ್ಟಿಯನ್ನು ಬದಲಿಸಲಾಗದಿದ್ದರೂ ಡಬಲ್ಸ್ ಜೋಡಿಗಳ ವಸತಿ, ಊಟದ ಖರ್ಚನ್ನು ಸ್ಥಳೀಯರು ಹೊರಬಹುದು. ಬೀದರ್–ಕಲಬುರಗಿ ರೈಲು 2017ರಿಂದ ಹುಮನಾಬಾದಿನ ಮೇಲೆಯೇ ಓಡುತ್ತಿದೆ, ಶಾಲೆಯ ಹುಡುಗಿಯರನ್ನು ಕರೆದೊಯ್ದು ತೋರಿಸಿ ಅದೇ ದಿನ ಮನೆ ಸೇರಿಸಬಹುದು.

ಇದಕ್ಕೆ ಬೇಕಾದ ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಳತೆಯಲ್ಲಿ ದೊಡ್ಡದೇನಲ್ಲ. ಮಂಡಳಿಯ ಮುಂದಿನ ವರ್ಷದ ಕ್ರಿಯಾ ಯೋಜನೆ ಸಿದ್ಧವಾಗುವ ಮೊದಲೇ ಬಸವಕಲ್ಯಾಣ, ಹುಮನಾಬಾದ್ ಎರಡೂ ಕ್ಷೇತ್ರಗಳ ಶಾಸಕರು ನಾಲ್ಕು ಅಂಕಣ, ಇಬ್ಬರು ಕೋಚ್‌ಗಳು ಮತ್ತು ಕಲಬುರಗಿಯ ಒಂದು ಮಹಿಳಾ ಟೂರ್ನಿಗೆ ಪ್ರಸ್ತಾವ ಬರೆದು ಕೊಡಬೇಕು. ಅವರು ಬರೆಯುವವರೆಗೆ ನಾವು ಬಿಡದೆ ಕೇಳಬೇಕು.